ಬೊಟ್ಟು

ತಣ್ಣಗಿದೆ ಗಾಳಿ, ಇದೇನಿದು ಇಷ್ಟು ತಣ್ಣಗೆ, ಬಾನೆಟ್ಟಿನೊಳಗೆ ಬಗ್ಗಿದ ಇಸಕ್ಕಿಯಮ್ಮಾಳ ಕತ್ತಿಗೆ, ಸೀರೆಯ ಮೇಲೆ ತೊಟ್ಟ ಗಂಡನ ಖಾಕಿ ಅಂಗಿಯ ತೋಳಿನೊಳಗೆಲ್ಲ ನುಗ್ಗುತ್ತಿದೆ, ಎಂಜಿನ್ನು ಇನ್ನೂ ಚಾಲೂ ಮಾಡಿಲ್ಲ, ಕೀಲಿ ತಿರುಗಿಸಿದ್ದಷ್ಟೇ, ರೇಡಿಯೇಟರು ಮುಟ್ಟಿದರೆ ಮಡಕೆಯ ನೀರಿನ ಹಾಗಿದೆ, ಆದರೂ ಈ ಫ್ಯಾನು ಎಲ್ಲೋ ಬೆಂಕಿ ಬಿದ್ದಂತೆ ಬೊಬ್ಬೆ ಹೊಡೆಯುತ್ತ ತಿರುಗುತ್ತಿದೆ, ತಿರುಗು, ತಿರುಗು ನೀನು, ನಿನ್ನನ್ನು ನಿಲ್ಲಿಸದೆ ನಾನು ಈ ಜಾಗ ಬಿಟ್ಟು ಕದಲುವವಳಲ್ಲ — ಹನ್ನೊಂದಕ್ಕೆ ಕಿರುಬಾ ಟೀಚರ್ ಕಾರಿಗೆ ಬರ್ತಾರೆ, ಅಷ್ಟರೊಳಗೆ ಇದು ನಿಲ್ಲಲಿಲ್ಲ ಅಂದ್ರೆ ನಿನ್ನ ಸಾಮಾನಿನ ಪೆಟ್ಟಿಗೆ ತಗೊಂಡು ಹೊರಡು ತಾಯೀ, ನಾನೂ ಹೆಸರು ಉಳಿಸಿಕೋಬೇಕಲ್ಲ — ವರ್ಕ್‌ಶಾಪಿನ ಯಜಮಾನ ಸುಡಲೈಮುತ್ತು, ಬೀದಿಗೆಲ್ಲ ಅಣ್ಣಾಚಿ, ಹಾಗೆ ಹೇಳಿದ್ದು ಹತ್ತು ಗಂಟೆಗೆ, ಟೀ ಲೋಟ ಕೆಳಗಿಡದೆ, ಇವಳ ಮುಖ ನೋಡದೆ. ಹನ್ನೊಂದು ವರ್ಷ ಗಂಡ ಮಾಡಸಾಮಿ ಕೂತು ವೈರಿಂಗ್ ಮಾಡಿದ ಬೆಂಚು ಇಲ್ಲಿನದು, ಅವನು ಸತ್ತ ಮೇಲೆ ನಾಲ್ಕು ವರ್ಷ ಇವಳು ಕೂತದ್ದು, ತಿರುನೆಲ್ವೇಲಿಯಲ್ಲಿ ಹೆಂಗಸು ಕಾರಿನ ವೈರಿಂಗ್ ಮಾಡ್ತಾಳಂತೆ ಅಂತ ನೋಡೋಕೇ ಜನ ಬರುತ್ತಿದ್ದರು ಮೊದಮೊದಲು, ಬಂದವರು ನೋಡಿಕೊಂಡು ಹೋಗಲಿಲ್ಲ, ಕೆಲಸ ಮಾಡಿಸಿಕೊಂಡು ಹೋದರು. ಈಗ ಎದ್ದು ಹೋಗಬೇಕಂತೆ, ಯಾಕೆ ಹೋಗಲಿ.

ಹಿಂದೆ ನಿಂತಿದ್ದಾನೆ ಫೋರ್‌ಮನ್ ಪೇಚ್ಚಿಮುತ್ತು, ತೋಳು ಕಟ್ಟಿಕೊಂಡು, ತಿರುಗಿ ನೋಡದೆಯೂ ಗೊತ್ತಾಗುತ್ತದೆ, ಅವನ ಬಾಯಿಂದ ಬರುವ ಹೊಗೆಸೊಪ್ಪಿನ ವಾಸನೆಯೇ ಸಾಕು — ಆಯುಧ ಪೂಜೆ ಆದ ಮಾರನೇ ದಿನ ನೀನೇ ಅಲ್ವಾ ಅಕ್ಕಾ ಇದಕ್ಕೆ ಹಾರನ್ ಕೂರಿಸಿದ್ದು, ಅದರ ಮಾರನೇ ದಿನದಿಂದ ಫ್ಯಾನ್ ಹಿಂಗೆ, ಎಲ್ಲೋ ವೈರ್ ಸುಟ್ಟಿದೀಯ, ಕಾರಿನ ಕಂಪ್ಯೂಟರ್ ಹೋಗಿದೆ, ಒಪ್ಪಿಕೊಂಡುಬಿಡು, ದೊಡ್ಡವಳಾಗ್ತೀಯ. ದೊಡ್ಡವಳಾಗುವುದಕ್ಕೆ ಇವನ ಅಪ್ಪಣೆ ಬೇಕೇನು, ನಿನ್ನೆ ಎಲ್ಲರೆದುರು ನನ್ನತ್ತಲೇ ಬೊಟ್ಟು ಮಾಡಿದ, ಇವಳೇ ಅಣ್ಣಾಚಿ, ಇವಳೇ ಅಂತ, ನನ್ನ ತಲೆಯ ಮೇಲೆ ಗೂಬೆ ಕೂರಿಸಿ ಬೆಂಚಿನ ಮೇಲೆ ತನ್ನ ಭಾಮೈದನನ್ನು ಕೂರಿಸುವ ಆಸೆ, ನನಗೆ ಗೊತ್ತಿಲ್ಲವೇ. ಕೋಪ ಬರುತ್ತಿದೆ, ಬರಲಿ. ಮೊದಲು ನೋಡೇ, ಆಮೇಲೆ ಮುಟ್ಟು, ಆಮೇಲೆ ಬೇಕಾದಷ್ಟು ಬಯ್ಯಿ — ಮಾಡಸಾಮಿ ಹೇಳುತ್ತಿದ್ದದ್ದು ಹಾಗೆ, ಟೆಸ್ಟ್ ಲ್ಯಾಂಪು ಇವಳ ಕೈಗಿತ್ತು, ತಾನು ಕಾರಿನಡಿ ಮಲಗಿಕೊಂಡು. ಸರಿ, ನೋಡೋಣ, ಫ್ಯಾನಿಗೆ ಕರೆಂಟು ಬಿಡುವ ರಿಲೇ ಕಿತ್ತಳು, ಫ್ಯಾನು ನಿಂತಿತು, ಕೂರಿಸಿದಳು, ಓಡಿತು, ಅಲ್ಲಿಗೆ ಬ್ಯಾಟರಿಯಿಂದ ಯಾವ ತಂತಿಯೂ ಕಳ್ಳದಾರಿಯಲ್ಲಿ ಬಂದು ಇದನ್ನು ಓಡಿಸುತ್ತಿಲ್ಲ, ಪಕ್ಕದ ಹಾರನ್ನಿನ ರಿಲೇಯನ್ನೇ ತಂದು ಇಲ್ಲಿ ಚುಚ್ಚಿದಳು, ಅದೂ ಓಡಿಸಿತು, ರಿಲೇಯ ತಪ್ಪೂ ಅಲ್ಲ, ಪಾಪ, ಅದು ಹೇಳಿದ ಕೆಲಸ ಮಾಡುತ್ತಿದೆ, ಹೇಳುತ್ತಿರುವುದು ಕಂಪ್ಯೂಟರು, ಕಂಪ್ಯೂಟರಿಗೆ ಹೇಳಿದವರು ಯಾರು.

ಸ್ಕ್ಯಾನರನ್ನು ಕಾರಿನ ಕಂಪ್ಯೂಟರಿಗೆ ಚುಚ್ಚಿದಳು, ಪರದೆ ಬೆಳಗಿತು, ಎಂಜಿನ್ನಿನ ಬಿಸಿ, ಮೈನಸ್ ನಲವತ್ತು. ಪೇಚ್ಚಿಮುತ್ತು ಕೇಕೆ ಹಾಕಿದ, ಅಣ್ಣಾಚೀ ಬನ್ನಿ ಬನ್ನಿ, ನಮ್ಮೂರಲ್ಲಿ ಮೈನಸ್ ನಲವತ್ತಂತೆ, ಕಂಬಳಿ ತರಿಸಿ, ಅಕ್ಕ ಕಂಪ್ಯೂಟರಿಗೇ ಹುಚ್ಚು ಹಿಡಿಸಿದಾಳೆ. ನಗು, ಹೊಟ್ಟೆ ತುಂಬ ನಗು, ಹುಚ್ಚಲ್ಲ ಕಣೋ ಅದು, ಕಿವುಡು, ಬಿಸಿ ಎಷ್ಟಿದೆ ಎಂದು ಹೇಳುವ ಸೆನ್ಸಾರಿನ ಮಾತು ಅದಕ್ಕೆ ಮುಟ್ಟುತ್ತಿಲ್ಲ, ಮುಟ್ಟದಿದ್ದಾಗ ಕಾಣುವ ಅಂಕಿ ಅದು, ಸುದ್ದಿಯೇ ಬಾರದಿದ್ದರೆ ಏನೋ ಕೆಟ್ಟದ್ದೇ ಆಗಿದೆ ಎಂದುಕೊಂಡು ಫ್ಯಾನು ಓಡಿಸುತ್ತದೆ, ಮಗಳ ಬಸ್ಸು ತಡವಾದ ದಿನ ನಾನು ಬಾಗಿಲಿಗೂ ಬೀದಿಗೂ ಓಡಾಡುವುದಿಲ್ಲವೇ, ಹಾಗೆ. ಸೆನ್ಸಾರಿನ ಕಡೆ ಕೈ ಹೋಯಿತು. ಅದರ ತಂಟೆಗೆ ಹೋಗಬೇಡ, ಹೊಸಾದು ಅದು, ಪೂಜೆ ದಿನ ನಾನೇ ಹಾಕಿದ್ದು, ಎಂದ ಪೇಚ್ಚಿಮುತ್ತು.

ಪೂಜೆಯ ದಿನ. ಹೌದಲ್ಲ, ಟೀಚರ ಕಾರು ಅಂದು ಇಲ್ಲೇ ಇತ್ತು, ಬಾನೆಟ್ಟು ತೆರೆದುಕೊಂಡು, ರೇಡಿಯೇಟರಿನ ಪೈಪು ಬಿಚ್ಚಿಕೊಂಡು, ನೀನು ಟೈರ್ ರಾಶಿ ಹತ್ರ ನಿಂತಿರು ತಾಯೀ, ಒಳ್ಳೇ ಹೊತ್ತು, ಪೂಜೆ ಮುಗೀಲಿ ಆಮೇಲೆ ಪ್ರಸಾದದ ಪೊರಿ ತಗೊಳ್ಳುವಿಯಂತೆ — ಅಣ್ಣಾಚಿ, ಹೊಸ ವೇಷ್ಟಿ ಉಟ್ಟು, ಹಿತ್ತಾಳೆ ಬಟ್ಟಲು ಹಿಡಿದು, ನಾಲ್ಕು ವರ್ಷದಿಂದ ಇದೇ ಮಾತು, ಇವಳಿಗೆ ಇದೇ ಟೈರು. ವರ್ಷವಿಡೀ ಊರವರ ಹೆಡ್‌ಲೈಟು ಬೆಳಗಿಸುವ ಕೈ ಆ ಒಂದು ಬೆಳಗ್ಗೆ ಮಾತ್ರ ಆಗಬಾರದ ಕೈ. ಅಲ್ಲಿಂದಲೇ ನೋಡಿದಳು, ಅವರ ಬೆರಳು ಗಂಧದಲ್ಲಿ ಮುಳುಗಿತು, ಏಳಿತು, ಜ್ಯಾಕಿಗೆ ಒಂದು ಬೊಟ್ಟು, ಕಂಪ್ರೆಸರಿಗೆ ಒಂದು, ಮಾಡಸಾಮಿ ಕರೆಂಟು ಅಳೆಯುತ್ತಿದ್ದ ಮೀಟರಿಗೆ ಒಂದು — ಅದು ನನ್ನ ಮೀಟರು, ಎಂದು ಕೂಗಬೇಕೆನಿಸಿತ್ತು, ಕೂಗಲಿಲ್ಲ, ಯಾಕೆ ಕೂಗಲಿಲ್ಲವೋ, ಮಂಡಕ್ಕಿ ಪೊರಿಯ ಪೊಟ್ಟಣ ಹಿಡಿದು ಮನೆಗೆ ಹೋಗಿ ಅತ್ತಳು, ಅಳುತ್ತಲೇ ತಿಂದಳು — ಆಮೇಲೆ ಬೆರಳು ಕಾರುಗಳ ಕಡೆ ಹೋಯಿತು, ತೆರೆದ ಬಾನೆಟ್ಟುಗಳೊಳಗೆ ಬಗ್ಗಿತು, ಅಣ್ಣಾಚಿಗೆ ಕೈ ಧಾರಾಳ, ಕಂಡದ್ದಕ್ಕೆಲ್ಲ ಬೊಟ್ಟು.

ಮೀಟರಿನ ಮೇಲೆ ಆ ಬೊಟ್ಟು ಇನ್ನೂ ಇದೆ, ಒಣಗಿ ಬಿರುಕುಬಿಟ್ಟು. ಈಗ ಅದನ್ನು ಸೆನ್ಸಾರಿಗೆ ಹಿಡಿದಳು, ಚೆನ್ನಾಗಿದೆ, ಕಂಪ್ಯೂಟರಿನಿಂದ ಬರುವ ತಂತಿಯ ಬೆನ್ನಿಗೆ ಹಿಡಿದಳು, ಐದು ವೋಲ್ಟು ಸರಿಯಾಗಿ ಬರುತ್ತಿದೆ, ಹೇಳುವವನೂ ಸರಿ, ಕೇಳುವವನೂ ಸರಿ, ನಡುವೆ ಮಾತು ನುಂಗುವುದು ಯಾವುದು. ತಂತಿಯ ತುದಿಯಲ್ಲಿ ಸೆನ್ಸಾರಿಗೆ ಚುಚ್ಚುವ ಪ್ಲಗ್ಗನ್ನು ತಿರುಗಿಸಿ ಬೆಳಕಿಗೆ ಹಿಡಿದಳು, ಅದರ ಬಾಯಲ್ಲಿ ಹಳದಿ, ತುಕ್ಕಲ್ಲ, ಹಸಿರು ಕಿಲುಬೂ ಅಲ್ಲ, ಹಳದಿ, ಮೂಗಿನ ಹತ್ತಿರ ತಂದಳು, ಅಯ್ಯೋ ನನ್ನಪ್ಪನೇ, ಗಂಧ. ಗಟ್ಟಿಯಾಗಿ ನಕ್ಕುಬಿಟ್ಟಳು, ಪೇಚ್ಚಿಮುತ್ತು ತೋಳು ಬಿಚ್ಚಿದ. ಅಂದು ಸೆನ್ಸಾರು ಬದಲಿಸಲು ಇವನು ಕಿತ್ತಿಟ್ಟ ಪ್ಲಗ್ಗು ಬಾಯಿ ತೆರೆದು ಮೇಲೆ ನೋಡುತ್ತಿತ್ತು, ಬೆರಳು ಬಂದು ಬಾಯಿ ತುಂಬಿತು, ಪೊರಿ ಮುಕ್ಕುತ್ತ ಬಂದ ಇವನು ನೋಡದೆ ಅದುಮಿ ಕೂರಿಸಿದ, ಒದ್ದೆಯಿದ್ದಾಗ ಹೇಗೋ ನಡೆಯಿತು, ಒಣಗಿದ ಮೇಲೆ ಅಡ್ಡ ನಿಂತಿತು, ಅಷ್ಟರಲ್ಲಿ ದೂರುವುದಕ್ಕೆ ನನ್ನ ಹಾರನ್ನು ಸಿಕ್ಕಿತು ಇವರಿಗೆ. ಸೀರೆಯ ಪಿನ್ನು ಕಿತ್ತು ಕೆರೆದಳು, ಪುಡಿ ಅಂಗೈಗೆ ಉದುರಿತು, ಪೆಟ್ರೋಲಿನಲ್ಲಿ ತೊಳೆದಳು, ಊದಿದಳು, ಕೂರಿಸಿದಳು, ಕಟಕ್ ಎಂದಿತು, ಕೀಲಿ ಆಫ್, ಕೀಲಿ ಆನ್.

ಏನೂ ಇಲ್ಲ, ಫ್ಯಾನು ಸುಮ್ಮನಿದೆ, ಪರದೆಯಲ್ಲಿ ಮೂವತ್ತಮೂರು, ಪಕ್ಕದ ಓಣಿಯಲ್ಲಿ ಯಾರದೋ ಕುಕ್ಕರ್ ಕೂಗಿದ್ದು ಈಗ ಕೇಳುತ್ತಿದೆ. ಅಣ್ಣಾಚಿ ಬಂದರು, ಅಂಗೈಯ ಪುಡಿ ನೋಡಿದರು, ಗೊತ್ತಾಯಿತು ಅವರಿಗೆ, ಮುಖ ಕಪ್ಪಿಟ್ಟಿತು, ಹತ್ತಿರ ಬಗ್ಗಿ ಪಿಸುಗುಟ್ಟಿದರು, ಪ್ಲಗ್ ಲೂಸ್ ಇತ್ತು ಅಂದುಬಿಡು ತಾಯೀ, ದೇವರ ವಿಷಯ, ಯಾಕೆ ಮಾತಿಗೆ ಮಾತು, ನಾಳೆಯಿಂದ ಎಂದಿನಂತೆ ಬಾ, ನಾನು ಬೇಡ ಅಂದ್ನಾ. ಎಂದಿನಂತೆ, ಅಂದರೆ ಟೈರಿನ ಹತ್ತಿರ. ಪ್ಲಗ್ ಲೂಸ್ ಅಂದರೆ ಯಾರು ಬಿಟ್ಟದ್ದು ಎಂದು ಕೇಳುತ್ತಾರೆ, ಪೇಚ್ಚಿಮುತ್ತು ಮತ್ತೆ ಬೊಟ್ಟು ಮಾಡುತ್ತಾನೆ, ಬೇಡ, ನನಗೆ ಬೇಡ ಈ ಕೃಪೆ. ಗೇಟಿನಲ್ಲಿ ಕಿರುಬಾ ಟೀಚರ್ ಕೊಡೆ ಮಡಚುತ್ತಿದ್ದಾರೆ, ಏನಮ್ಮಾ ಇಸಕ್ಕೀ, ನಿಂತಿತಾ, ಏನಾಗಿತ್ತು. ಅಣ್ಣಾಚಿ ಕೆಮ್ಮಿದರು. ಪ್ಲಗ್ಗಿನ ಬಾಯಲ್ಲಿ ಗಂಧ ಇತ್ತು ಟೀಚರ್, ಆಯುಧ ಪೂಜೆದು, ಎಂದಳು, ಅಂಗೈ ಚಾಚಿ ತೋರಿಸಿದಳು. ಗಂಧಾನಾ, ಅಯ್ಯೋ ಯೇಸಪ್ಪಾ, ನಮ್ಮ ಕಾರಿಗಾ, ಟೀಚರಿಗೆ ನಗು ತಡೆಯುತ್ತಿಲ್ಲ, ನೀನೇ ಇಟ್ಟೆಯೇನೇ ಬೊಟ್ಟು. ನಾನು ಹೆಂಗೆ ಇಡೋಕಾಗುತ್ತೆ ಟೀಚರ್, ಸ್ವರ ಇವಳು ಎಣಿಸಿದ್ದಕ್ಕಿಂತ ಜೋರಾಗಿ ಬಂತು, ಕಂಪ್ರೆಸರಿನ ಹತ್ತಿರ ಇದ್ದವರೆಲ್ಲ ತಿರುಗಿದರು, ಗಂಡ ಸತ್ತೋಳ ಕೈಯಲ್ಲಿ ಇಲ್ಲಿ ಬೊಟ್ಟು ಇಡಿಸೋದಿಲ್ಲ, ನಾಲ್ಕು ವರ್ಷದಿಂದ ನನ್ನನ್ನ ಟೈರ್ ಹತ್ರ ನಿಲ್ಲಿಸ್ತಾರೆ, ಈ ತಪ್ಪು ಮಾಡೋಕೆ ಆಗದೇ ಇರೋಳು ಇಲ್ಲಿ ನಾನೊಬ್ಬಳೇ, ಇಟ್ಟೋರು ಯಾರು ಅಂತ ಇಟ್ಟೋರನ್ನೇ ಕೇಳಿ. ಟೀಚರ ನಗು ನಿಂತಿತು, ಪೇಚ್ಚಿಮುತ್ತು ನೆಲ ನೋಡುತ್ತಿದ್ದಾನೆ, ಟೀಚರು ಅಣ್ಣಾಚಿಯ ಕಡೆ ತಿರುಗಿದರು, ಕಾಯುತ್ತಿದ್ದಾರೆ, ಎಲ್ಲರೂ ಕಾಯುತ್ತಿದ್ದಾರೆ, ಇವಳೂ, ಸಾಮಾನಿನ ಪೆಟ್ಟಿಗೆಯ ಮೇಲೆ ಕೈಯಿಟ್ಟು, ಇಂದು ಉತ್ತರ ಕೇಳಿಯೇ ಹೋಗುವವಳು, ಅಥವಾ ಕೇಳಿಯೇ ಇಲ್ಲಿ ಉಳಿಯುವವಳು, ಅಣ್ಣಾಚಿ ಬೆರಳು, ಬೊಟ್ಟಿಟ್ಟ ಆ ಬೆರಳು, ವೇಷ್ಟಿಯ ಅಂಚಿಗೆ ಒರೆಸುತ್ತಿದ್ದಾರೆ, ಅದರಲ್ಲಿ ಏನೂ ಇಲ್ಲ, ಒಣಗಿದೆ, ಶುಭ್ರವಾಗಿದೆ, ಆದರೂ ಒರೆಸುತ್ತಿದ್ದಾರೆ, ಬೆರಳು, ಒರೆಸುತ್ತಲೇ ಇದ್ದಾರೆ —