ಮುಚ್ಚಳದ ಒಳಗಿನ ಗೀರು

"ಹಾರ್ಟು. ಕೂತಲ್ಲೇ ಹೋಗ್ಬಿಟ್ಟ," ಎಂದು ಚಿಕ್ಕಮಾವ ಬಾಗಿಲಲ್ಲಿ ನಿಂತು ಏಳನೆಯ ಬಾರಿ ಹೇಳಿದರು. ಮಲಗಿಸಿದ್ದ ಗಂಡನ ದೇಹದ ಕಾಲ ಬಳಿ ಕೂತಿದ್ದ ಅವಳು ಎಣಿಸುತ್ತಿದ್ದಳು. ಬೇರೆ ಏನೂ ಅವಳಿಂದ ಆಗುತ್ತಿರಲಿಲ್ಲ.

ಗಂಡನ ವಾಚ್ ರಿಪೇರಿ ಅಂಗಡಿಯ ಪಕ್ಕದ ಕನ್ನಡಕದಂಗಡಿಯವರು ಮೂಗೊರೆಸಿಕೊಂಡರು. "ಊರಿಗೆಲ್ಲ ಟೈಮ್ ಸರಿಮಾಡಿ ಕೊಡೋನು, ಅಂಗಡಿ ಮಾತ್ರ ಒಂದಿನಾನೂ ಟೈಮಿಗೆ ತೆಗೀಲಿಲ್ಲ. ಕೇಳಿದ್ರೆ, ವೈದ್ಯನ ನಾಡಿ ಯಾರು ನೋಡ್ತಾರೆ ಸಾರ್, ಅಂತಿದ್ದ."

ಯಾರೋ ನಕ್ಕು, ನಕ್ಕಿದ್ದನ್ನು ಕೆಮ್ಮಾಗಿಸಿದರು.

ನೀರಿಗೆಂದು ಅವಳು ಅಡುಗೆಮನೆಗೆ ಹೋದಾಗ ಚಿಕ್ಕಮಾವ ಹಿಂದೆಯೇ ಬಂದರು. "ನೋಡಮ್ಮ, ನೀನೂ ಹಾರ್ಟ್ ಅಂತಲೇ ಅನ್ನು. ತಾನೇ ಜೀವ ಕಳ್ಕೊಂಡ ಅಂದ್ರೆ ನಾಳೆ ಮಗೂನ ಬೆರಳು ಮಾಡಿ ತೋರಿಸ್ತಾರೆ. ನಿಮ್ಮ ಮಾವಂದೂ ಹೀಗೇ ಮುಚ್ಚಿದ್ವಿ. ಒಂದು ನರಪಿಳ್ಳೆಗೂ ಗೊತ್ತಾಗ್ಲಿಲ್ಲ."

"ಮಾವಂದೂ?" ಲೋಟ ತುಂಬಿ ಹರಿಯುತ್ತಿತ್ತು. "ಇವರಿಗೆ ಗೊತ್ತಿತ್ತಾ?"

"ಆಗ ಒಂಬತ್ತು ವರ್ಷದ ಹುಡುಗ ಅವನು. ಹೇಳೋ ಮಾತೇನಮ್ಮ ಅದು?"

* * *

ಎರಡು ವರ್ಷದ ಹಿಂದೆ ಗಂಡ ಊಟ, ನಿದ್ದೆ ಬಿಟ್ಟಾಗ ಅವಳೇ ಡಾಕ್ಟರ ಬಳಿ ಎಳೆದುಕೊಂಡು ಹೋಗಿದ್ದಳು.

"ಮನೇಲಿ ಯಾರಾದ್ರೂ ತಾವಾಗಿ ಜೀವ ಕಳ್ಕೊಂಡಿದ್ದಾರಾ? ಇದ್ರೆ ನಿಮಗೂ ಹಾಗೇ ಆಗುತ್ತೆ ಅಂತಲ್ಲ. ಆ ಕಡೆ ಜಾರೋ ಗುಣ ಸ್ವಲ್ಪ ರಕ್ತದಲ್ಲಿ ಬಂದಿರಬಹುದು. ಗೊತ್ತಿದ್ರೆ ಹತ್ತಿರದಿಂದ ನೋಡ್ಕೋತೀವಿ."

"ಯಾರೂ ಇಲ್ಲ ಸಾರ್. ಅಪ್ಪಂಗೆ ಹಾರ್ಟು." ದನಿಯಲ್ಲಿ ಸಣ್ಣ ಹೆಮ್ಮೆಯೂ ಇತ್ತು.

ಮೂರು ತಿಂಗಳ ಮಾತ್ರೆ. ಮುಗಿದ ಮೇಲೆ ಅವನು ಹೋಗಲಿಲ್ಲ, ಅವಳೂ ಒತ್ತಾಯಿಸಲಿಲ್ಲ.

ಅಂದು ಡಾಕ್ಟರ ಬಳಿಯಿಂದ ಅವನು ಅವಳನ್ನೂ ಕರೆದುಕೊಂಡು ನೇರ ಅಂಗಡಿಗೆ ಹೋಗಿ, ರಿಪೇರಿಯಾದ ವಾಚೊಂದರ ಹಿಂಬದಿ ಮುಚ್ಚಳದ ಒಳಗೆ ಸೂಜಿಯಿಂದ ತಾರೀಖು ಗೀರಿದ್ದ, ಪಕ್ಕದಲ್ಲಿ ಕೆಟ್ಟಿದ್ದೇನು ಎಂದು ಎರಡಕ್ಷರ.

"ಒಳಗಡೆ ಬರೆದ್ರೆ ಯಾರಿಗ್ರೀ ಕಾಣುತ್ತೆ?"

"ಮುಂದೆ ಬಿಚ್ಚೋನಿಗೆ ಕಾಣುತ್ತೆ ಕಣೆ. ಎಲ್ಲಿ ಸೋತಿತ್ತು ಅಂತ ಗೊತ್ತಿಲ್ದಿದ್ರೆ ಪಾಪ, ಕತ್ತಲಲ್ಲಿ ಕೈಯಾಡಿಸ್ಬೇಕು."

* * *

ಎಲ್ಲ ಮುಗಿಸಿ ಬಂದಾಗ ಮನೆಯಲ್ಲಿ ಖಾಲಿ ಕುರ್ಚಿಗಳು. ಅಕ್ಕಪಕ್ಕದವರು ಇಣುಕದಂತೆ ಬೆಳಿಗ್ಗೆಯೇ ಅತ್ತೆ ಎಳೆದಿದ್ದ ಪರದೆ ಹಾಗೇ ಇತ್ತು. ಚಿಕ್ಕಮಾವ ಗಂಡನ ಕೈಯಿಂದ ಬಿಚ್ಚಿದ್ದ ವಾಚನ್ನು ಅವಳಿಗೆ ಕೊಟ್ಟರು. ಅದು ಮೊದಲು, ಇದೇ ರಿಪೇರಿ ಕೆಲಸ ಮಾಡುತ್ತಿದ್ದ ಮಾವನದು.

ಏಳು ವರ್ಷದ ಮಗಳು ತೊಡೆಗೆ ಒರಗಿದಳು. "ಅಮ್ಮಾ, ತಾತಂಗೂ ಹಾರ್ಟು, ಅಪ್ಪಂಗೂ ಹಾರ್ಟು. ನಂಗೂ ಬರುತ್ತಾ?"

"ಬಿಡ್ತು ಅನ್ನು!" ಚಿಕ್ಕಮಾವ ಗದರಿದರು.

ಅವಳು ಎದ್ದು ಗಂಡನ ರಿಪೇರಿ ಪೆಟ್ಟಿಗೆಯಿಂದ ಸಣ್ಣ ಬ್ಲೇಡು ತಂದಳು. ಮುಚ್ಚಳ ಮೂರನೆಯ ಯತ್ನಕ್ಕೆ ಟಕ್ಕೆಂದು ಬಿಚ್ಚಿಕೊಂಡಿತು. ಗಂಡನ ಭೂತಗನ್ನಡಿಯನ್ನು ಮಗಳ ಕಣ್ಣಿಗೆ ಹಿಡಿದಳು.

"ಈ ಗೀರು ತಾತಂದು. ಕೆಳಗಿಂದು ಅಪ್ಪಂದು."

"ಏನಂತ ಬರ್ದಿದಾರೆ?"

"ಎಲ್ಲಿ ಕೆಟ್ಟಿತ್ತು ಅಂತ." ಅವಳು ಉಸಿರು ತೆಗೆದುಕೊಂಡಳು. "ಹಾರ್ಟ್ ಅಲ್ಲ ಕಂದ. ಇಬ್ಬರಿಗೂ ಮನಸ್ಸಿಗೆ ಕಾಯಿಲೆ ಬಂದಿತ್ತು. ನಿಂಗೆ ಬರಲೇಬೇಕು ಅಂತಿಲ್ಲ. ಬಂದ್ರೆ ಎಲ್ಲಿ ನೋಡ್ಬೇಕು ಅಂತ ನಮಗೆ ಗೊತ್ತಿರುತ್ತೆ."

"ಅಯ್ಯೋ, ಅತ್ತಿಗೆ, ನೀವಾದ್ರೂ ಹೇಳಿ ಇವಳಿಗೆ," ಎಂದು ಚಿಕ್ಕಮಾವ ಅತ್ತೆಯ ಕಡೆ ತಿರುಗಿದರು.

ಮಗು ಕಣ್ಣು ಕಿರಿದು ಮಾಡಿ, "ಸರಿಯಾಗಿ ಕಾಣ್ತಿಲ್ಲ," ಎಂದಿತು.

ಅತ್ತೆ ಗೋಡೆ ಹಿಡಿದು ಎದ್ದರು. ಕಿಟಕಿಯ ಬಳಿ ಹೋಗಿ, ಪರದೆಯನ್ನು ಕೊನೆಯವರೆಗೂ ಸರಿಸಿದರು.