ಸಂಬಳದ ಆಟ

ಬೆಳ್ಮಣ್ಣಿನ ಕ್ರೈಸ್ತರ ಇಗರ್ಜಿಯಲ್ಲಿ ಭಾನುವಾರದ ಪೂಜೆ ಶುರುವಾಗುವ ಮೊದಲು, ಆ ದಿನದ ಪೂಜೆಯನ್ನು ಯಾರು ಯಾವ ಉದ್ದೇಶಕ್ಕೆ ಮಾಡಿಸಿದ್ದಾರೆ ಎಂದು ಮೈಕಿನಲ್ಲಿ ಓದುವುದು ರೂಢಿ. ಹೆಚ್ಚಾಗಿ ತೀರಿಕೊಂಡವರ ಹೆಸರುಗಳಿರುತ್ತವೆ. ನಡುವೆ ಆಪರೇಷನ್ ಆದವರು, ಕುವೈಟಿಗೆ ಹೊರಟವರು. ಆ ಭಾನುವಾರ ಓದುವ ಸರದಿ ಶಾರ್ಲೆಟ್ ಎಂಬ ಹುಡುಗಿಯದು. ಚೀಟಿಯಲ್ಲಿದ್ದುದನ್ನು ಅವಳು ಒಂದಕ್ಷರವೂ ಬಿಡದೆ ಓದಿದಳು.

"ಮಗ ಬ್ರ್ಯಾಂಡನ್‌ನಿಗೆ ಉಡುಪಿಯ ಕಾಲೇಜಿನಲ್ಲಿ ಸಂಬಳದ ಫುಟ್‌ಬಾಲ್ ಸಿಕ್ಕಿದ್ದಕ್ಕೆ ದೇವರಿಗೆ ಕೃತಜ್ಞತೆ. ಕೋರುವವರು, ಬರ್ತಾ."

ಹಿಂದಿನ ಬಾಗಿಲ ಬಳಿ ಹುಡುಗರ ಜೊತೆ ನಿಂತಿದ್ದ ಬ್ರ್ಯಾಂಡನ್‌ನ ಕಿವಿ ಬಿಸಿಯಾಯಿತು. ಆರನೇ ಬೆಂಚಿನಲ್ಲಿ ಅವನ ಕೋಚ್ ವಿಲ್ಫ್ರೆಡ್ ಮಾಸ್ತರರು ಕುಳಿತಿದ್ದರು. ಸುತ್ತಲಿನ ನಾಲ್ಕೈದು ತಲೆಗಳು ಹಿಂದಕ್ಕೆ ತಿರುಗಿದವು. ಮಾಸ್ತರರು ತಿರುಗಿ ನೋಡಲಿಲ್ಲ.

ಬ್ರ್ಯಾಂಡನ್ ಕಾರ್ಕಳದ ಕಾಲೇಜಿನಲ್ಲಿ ಮೊದಲ ವರ್ಷದ ಬಿ.ಕಾಂ. ವಿಲ್ಫ್ರೆಡ್ ಅಲ್ಲಿಯ ದೈಹಿಕ ಶಿಕ್ಷಣದ ಮಾಸ್ತರರು, ಊರು ಬೆಳ್ಮಣ್ಣೇ. ಐದನೇ ಕ್ಲಾಸಿನಿಂದ ಇಗರ್ಜಿಯ ಹಿಂದಿನ ಮೈದಾನದಲ್ಲಿ ಅವನಿಗೆ ಚೆಂಡು ಒದೆಯಲು ಕಲಿಸಿದವರು. ಡಿಸೆಂಬರಿನಲ್ಲಿ ಉಡುಪಿಯ ಒಂದು ಹೊಸ ಕಾಲೇಜಿನಿಂದ ಹಯಗ್ರೀವ ರಾವ್ ಎಂಬವರು ಫೋನ್ ಮಾಡಿದ್ದರು. ಮುಂದಿನ ವರ್ಷ ತಮ್ಮಲ್ಲಿಗೆ ಬಂದರೆ ಫೀಸಿಲ್ಲ, ಹಾಸ್ಟೆಲ್ ಉಚಿತ, ಮೇಲೆ ತಿಂಗಳಿಗೆ ಹತ್ತು ಸಾವಿರ. ಈ ವರ್ಷದ ಅಂತರಕಾಲೇಜು ಟೂರ್ನಮೆಂಟ್ ಮುಗಿಯುವ ತನಕ ಯಾರಲ್ಲಿಯೂ ಹೇಳಬಾರದು, ಅಷ್ಟೆ. ಬ್ರ್ಯಾಂಡನ್ ಒಪ್ಪಿದ್ದ. ಆಮೇಲೆ ಕಾಪುವಿನಲ್ಲಿ ನಡೆದ ಸೆಮಿಫೈನಲಿನಲ್ಲಿ ಎರಡು ಗೋಲು ಹೊಡೆದು ಕಾರ್ಕಳದ ಹುಡುಗರನ್ನು ಫೈನಲಿಗೆ ತಂದದ್ದೂ ಅವನೇ. ಬುಧವಾರದ ಆ ಫೈನಲಿನಲ್ಲಿ ಎದುರಾಳಿ, ಜೂನ್ ತಿಂಗಳಲ್ಲಿ ಅವನು ಸೇರಲಿರುವ ಅದೇ ಕಾಲೇಜು.

ಮನೆಗೆ ಬಂದವನೇ ತಾಯಿಯನ್ನು ಹಿಡಿದುಕೊಂಡ.

"ಯಾರಿಗೂ ಹೇಳಬೇಡ ಅಂತ ಹೇಳಿದ್ದೆ ಅಲ್ವಾ ಮಮ್ಮಿ?"

"ನಾನು ಯಾರಿಗೆ ಹೇಳಿದೆ ಪುತಾ? ದೇವರಿಗೆ ಹೇಳಿದ್ದು."

"ದೇವರಿಗೆ ಚೀಟಿ ಬರೆದು ಇಗರ್ಜಿಯ ಆಫೀಸಿನಲ್ಲಿ ಕೊಡಬೇಕಾ?"

"ಮತ್ತೆ? ವಾಟ್ಸಾಪಿನಲ್ಲಿ ಕಳಿಸಬೇಕಿತ್ತಾ?" ಬರ್ತಾ ಒಲೆಯ ಮೇಲಿದ್ದ, ಇಡ್ಲಿಯಂಥ ಸಣ್ಣಗಳು ಬೇಯುತ್ತಿದ್ದ ಪಾತ್ರೆಯನ್ನು ಇಳಿಸಿದರು. "ಎರಡು ತಿಂಗಳು ಬಾಯಿ ಮುಚ್ಚಿ ಕೂತೆ. ಇನ್ನೂ ಥ್ಯಾಂಕ್ಸ್ ಹೇಳದಿದ್ದರೆ ದೇವರು ಎಂತ ಗ್ರಹಿಸುವುದು? ಆ ಹುಡುಗಿ ಎಲ್ಲಾ ಓದುತ್ತಾಳೆ ಅಂತ ನನಗೇನು ಗೊತ್ತು. ಕೃತಜ್ಞತಾ ಪೂಜೆ ಅಂತ ಹೇಳಿ ಬಿಡಬಹುದಿತ್ತಲ್ಲ."

ಅವನು ಊಟಕ್ಕೆ ಕುಳಿತ, ಎದ್ದ. ಅಂಗಳಕ್ಕೆ ಹೋದ, ಒಳಗೆ ಬಂದ. ಮಾಸ್ತರರಿಗೆ ಫೋನ್ ಮಾಡಲು ನಂಬರು ತೆಗೆದ, ಮಾಡಲಿಲ್ಲ.

ಸೋಮವಾರ ಸಂಜೆ ಅಭ್ಯಾಸಕ್ಕೆ ಹೋಗುವಾಗ ಸುದ್ದಿ, ಸಂಬಳದ ಅಂಕೆಯ ಸಮೇತ, ಅವನಿಗಿಂತ ಮೊದಲೇ ಕಾರ್ಕಳ ತಲುಪಿತ್ತು. ಕ್ಯಾಪ್ಟನ್ ಅನಂತೇಶ ಬೂಟಿನ ಲೇಸು ಬಿಗಿಯುತ್ತಾ ಕುಳಿತಿದ್ದ. ಎಡಬದಿಯಿಂದ ಓಡಿ ಬಂದು ಅವನು ಹಾಕುವ ಚೆಂಡಿಗೆ ಬ್ರ್ಯಾಂಡನ್ ಕಾಲು ಕೊಡುವುದು, ಮೂರು ವರ್ಷದಿಂದ, ಪಿ.ಯು.ಸಿ. ಕಾಲದಿಂದಲೂ ನಡೆದು ಬಂದ ಕ್ರಮ.

"ಸಂಬಳದವರು ಬಂದರು, ಜಾಗ ಬಿಡಿ ಮಾರಾಯ," ಎಂದ ಅನಂತೇಶ. "ಪಿ.ಎಫ್. ಉಂಟಾ ಬ್ರ್ಯಾಂಡನ್? ಭಾನುವಾರ ರಜೆ?"

ಹುಡುಗರು ನಕ್ಕರು. ಬ್ರ್ಯಾಂಡನ್ನೂ ನಗಲು ನೋಡಿದ.

"ಅದಿರಲಿ. ಬುಧವಾರ ಯಾವ ಗೋಲಿಗೆ ಹೊಡೆಯುವುದು ಅಂತ ಅವರು ಹೇಳಿದ್ದಾರಾ, ಇಲ್ಲ ನೀನೇ ನೋಡಿಕೊಳ್ಳುತ್ತೀಯಾ?"

ಈ ಸಲ ಯಾರೂ ನಗಲಿಲ್ಲ.

ಅಭ್ಯಾಸ ಮುಗಿದ ಮೇಲೆ ಮಾಸ್ತರರು ಎಂದಿನಂತೆ ಚಹಾದ ಫ್ಲಾಸ್ಕನ್ನೂ ಗೋಳಿಬಜೆಯ ಪೊಟ್ಟಣವನ್ನೂ ಕಟ್ಟೆಯ ಮೇಲಿಟ್ಟರು. ಅದು ಅವರ ಸ್ವಂತ ಖರ್ಚಿನದು. ಕಾಲೇಜು ಕೊಡುವುದು ಜೆರ್ಸಿ ಮತ್ತು ಮ್ಯಾಚಿನ ದಿನದ ಬಸ್ಸು ಮಾತ್ರ. ಹಿಂದೆಲ್ಲ ಪೊಟ್ಟಣ ಬಿಚ್ಚುವ ಮೊದಲೇ ಆರು ಕೈ ಒಳಗಿರುತ್ತಿತ್ತು. ಅನಂತೇಶ ಒಂದು ಗೋಳಿಬಜೆ ಎತ್ತಿ ತಿರುಗಿಸಿ ನೋಡಿದ.

"ಅಲ್ಲಿ ಹತ್ತು ಸಾವಿರ, ಇಲ್ಲಿ ಇದು. ಅಲ್ವಾ ಸರ್?"

"ಚಟ್ನಿಯೂ ಉಂಟು," ಎಂದರು ಮಾಸ್ತರರು.

ಅನಂತೇಶ ತಿಂದ. ಆದರೆ ಇನ್ನೊಂದಕ್ಕೆ ಕೈ ಹಾಕಲಿಲ್ಲ. ಉಳಿದವರೂ ಬೇಗ ಬೇಗ ಎದ್ದರು.

ಬ್ರ್ಯಾಂಡನ್ ಬಸ್ ನಿಲ್ದಾಣದ ಕಡೆ ಹೊರಟಿದ್ದ. ಮಾಸ್ತರರ ಸ್ಕೂಟರ್ ಪಕ್ಕಕ್ಕೆ ಬಂದು ನಿಂತಿತು. ದಿನವೂ ಅವನು ಅದರಲ್ಲೇ ಮನೆಗೆ ಹೋಗುವವನು.

"ಎಂತ, ಈಗಲೇ ಬಸ್ಸಾ? ಹತ್ತು."

ಮಾಸ್ತರರು ಬೆಳ್ಮಣ್ಣಿನ ದಾರಿ ಹಿಡಿದರು. ಇಳಿಜಾರಿನಲ್ಲಿ ವೇಗ ತಗ್ಗಿಸಿ, ಮುಂದಕ್ಕೇ ನೋಡುತ್ತಾ ಹೇಳಿದರು, "ಹೋಗಬೇಡ ಅಂತ ನಾನು ಹೇಳುತ್ತಿರಲಿಲ್ಲ. ನಾನೇ ಕರೆದುಕೊಂಡು ಹೋಗಿ ಬಿಡುತ್ತಿದ್ದೆ."

"ಹೇಳಬೇಡ ಅಂದಿದ್ದರು ಸರ್."

"ಹೂಂ."

"ಬುಧವಾರ ನಾನು ಸರಿಯಾಗಿಯೇ ಆಡುತ್ತೇನೆ ಸರ್."

"ನೀನು ಆಡುತ್ತಿ, ಅದು ನನಗೆ ಗೊತ್ತುಂಟು. ಉಳಿದ ಹತ್ತು ಜನ ನಿನಗೆ ಚೆಂಡು ಕೊಡಬೇಕಲ್ಲ. ನೀನು ಒಂದು ಗೋಲು ತಪ್ಪಿಸಿದರೆ ಸಾಕು, ಮ್ಯಾಚು ಮಾರಿದ ಅಂತ ಹೇಳುತ್ತಾರೆ. ಎಲ್ಲರೂ ತಪ್ಪಿಸುವುದೇ. ಆದರೆ ನಿನಗೆ ಇನ್ನು ತಪ್ಪಿಸಲಿಕ್ಕಿಲ್ಲ."

ಮನೆಯ ತಿರುವಿನಲ್ಲಿ ಅವನು ಇಳಿದ.

"ಬುಧವಾರ ಹೊರಗೆ ಕೂರಿಸಬೇಡಿ ಸರ್," ಎಂದ. ಅವರು ತಲೆಯಾಡಿಸಿದರು. ಹೌದೆಂದೋ ಅಲ್ಲವೆಂದೋ ಅವನಿಗೆ ತಿಳಿಯಲಿಲ್ಲ.

ಬುಧವಾರ ಮಣಿಪಾಲದ ಮೈದಾನದಲ್ಲಿ ಮಾಸ್ತರರು ಒಂಬತ್ತನೇ ನಂಬರಿನ ಜೆರ್ಸಿಯನ್ನು ಅವನ ಕೈಗೆ ಕೊಟ್ಟರು. ಅನಂತೇಶ ಅದನ್ನು ನೋಡಿ ಬೇರೆ ಕಡೆ ತಿರುಗಿದ.

ಮೊದಲರ್ಧದಲ್ಲಿ ಬ್ರ್ಯಾಂಡನ್‌ನ ಕಾಲಿಗೆ ಚೆಂಡು ಬಂದದ್ದು ನಾಲ್ಕು ಸಲ. ಅದರಲ್ಲಿ ಎರಡು ಎದುರಿನವರ ಕಾಲಿನಿಂದ ಜಾರಿ ಬಂದದ್ದು. ಅನಂತೇಶ ಎಡಬದಿಯಲ್ಲಿ ಓಡಿ ಬಂದ, ಬ್ರ್ಯಾಂಡನ್ ಒಳಗೆ ನುಗ್ಗಿ ಕೈ ಎತ್ತಿದ, ಅನಂತೇಶ ಚೆಂಡನ್ನು ಹಿಂದಕ್ಕೆ ಕೊಟ್ಟ. ಹೀಗೆ ಮತ್ತೆ ಮತ್ತೆ. ಎದುರಿನ ಬೆಂಚಿನ ಬಳಿ ಬಿಳಿ ಟೋಪಿ ಹಾಕಿದ್ದ ಹಯಗ್ರೀವ ರಾವ್ ಕೈಕಟ್ಟಿ ನಿಂತಿದ್ದರು. ಆ ಕಡೆ ನೋಡಬಾರದೆಂದುಕೊಂಡಷ್ಟೂ ಬ್ರ್ಯಾಂಡನ್‌ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ವಿರಾಮದಲ್ಲಿ ಅವನು ನೀರು ಕುಡಿಯದೆ ಅನಂತೇಶನ ಎದುರು ನಿಂತ.

"ನನಗೆ ಕೊಡಬೇಡ. ನಾನೇ ತಂದುಕೊಡುತ್ತೇನೆ, ನೀನು ಹೊಡಿ."

"ಮತ್ತೆ ನಿನ್ನ ಹತ್ತು ಸಾವಿರ?"

"ಹೊಡಿ ಮಾರಾಯ."

ಎರಡನೇ ಅರ್ಧದಲ್ಲಿ ಅವನು ತನ್ನ ಜಾಗ ಬಿಟ್ಟು ಹಿಂದಕ್ಕೆ ಬಂದ. ಡಿಫೆಂಡರುಗಳ ಜೊತೆ ಸೇರಿ ಚೆಂಡು ಕಸಿದ, ಬಿದ್ದ, ಮೊಣಕಾಲಿಗೆ ಕೆಂಪು ಮಣ್ಣು ಹತ್ತಿಸಿಕೊಂಡ. ಮೂರು ಸಲ ಎಡಕ್ಕೆ ಅನಂತೇಶನಿಗೆ ತಳ್ಳಿದ. ಮೊದಲನೆಯದು ಹೊರಗೆ ಹೋಯಿತು, ಎರಡನೆಯದನ್ನು ಗೋಲ್‌ಕೀಪರ್ ಹಿಡಿದ. ಮೂರನೆಯದಕ್ಕೆ ಅನಂತೇಶ ಮೂಲೆಯ ತನಕ ಓಡಿ, ಇಬ್ಬರ ನಡುವೆ ಸಿಕ್ಕಿಬಿದ್ದ. ಒಂದು ಕ್ಷಣ ತಲೆ ಎತ್ತಿ ನೋಡಿದ. ನೋಡಿ, ಹಾಕಿದ.

ಚೆಂಡು ಹಳೆಯ ಹಾಗೆಯೇ ಬಂತು, ಸೊಂಟದ ಎತ್ತರಕ್ಕೆ, ತುಸು ಹಿಂದಕ್ಕೆ. ಬ್ರ್ಯಾಂಡನ್ ಮೈ ತಿರುಗಿಸಿ ಒದ್ದ. ಬಲೆ ಉಬ್ಬಿತು.

ಯಾರೋ ಅವನ ಬೆನ್ನಿಗೆ ಹಾರಿದರು. ಅನಂತೇಶ ಓಡಿ ಬಂದು ಅವನ ತಲೆಯನ್ನು ಕಂಕುಳಲ್ಲಿ ಅಮುಕಿದ. "ಕಳ್ಳ," ಎಂದ, "ಕಳ್ಳ ನೀನು." ಬ್ರ್ಯಾಂಡನ್ ಕಂಕುಳೊಳಗಿಂದಲೇ ನಕ್ಕ.

ಆಗ ಚಪ್ಪಾಳೆ ಕೇಳಿಸಿತು. ತಮ್ಮ ಹುಡುಗರೆಲ್ಲ ತಲೆ ತಗ್ಗಿಸಿ ನಿಂತಿದ್ದರೂ ಹಯಗ್ರೀವ ರಾವ್ ಕೈ ಎತ್ತಿ ಚಪ್ಪಾಳೆ ತಟ್ಟುತ್ತಿದ್ದರು, ಪಕ್ಕದವರಿಗೆ ಬೆರಳು ಮಾಡಿ ಅವನನ್ನು ತೋರಿಸುತ್ತಾ. ಮನೆಗೆ ತರಲಿರುವ ಎತ್ತು ಬೇರೆಯವರ ಗದ್ದೆಯಲ್ಲಿ ಚೆನ್ನಾಗಿ ಓಡಿದ್ದನ್ನು ಕಂಡವರ ಸಂತೋಷ ಅವರ ಮುಖದಲ್ಲಿತ್ತು. ಅನಂತೇಶನ ಕೈ ಅವನ ಕುತ್ತಿಗೆಯಿಂದ ಮೆಲ್ಲಗೆ ಇಳಿಯಿತು.

ಆ ಒಂದು ಗೋಲಿಗೇ ಕಾರ್ಕಳದ ಹುಡುಗರು ಗೆದ್ದರು. ಕಪ್ ಕೊಟ್ಟು, ಫೋಟೊ ತೆಗೆದು ಮುಗಿಯಿತು. ಮಾಸ್ತರರು ಬೆವರಿನ ಜೆರ್ಸಿಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಹಯಗ್ರೀವ ರಾವ್ ನಡೆದು ಬಂದರು. ಬ್ರ್ಯಾಂಡನ್ ಎದ್ದು ನಿಂತ. ಅವರು ಅವನ ಭುಜ ತಟ್ಟಿ, "ನಿನ್ನದು ಆಯಿತಲ್ಲ," ಎಂದು ದಾಟಿ ಮುಂದೆ ಹೋದರು. ಅನಂತೇಶನ ಎದುರು ನಿಂತರು.

"ಎಡಗಡೆಯಿಂದ ಹಾಕಿದ ಆ ಕ್ರಾಸ್ ನಿನ್ನದಲ್ಲವೇ? ಯಾವ ವರ್ಷ ಈಗ?"

ಅನಂತೇಶ ಒಮ್ಮೆ ಮಾಸ್ತರರ ಕಡೆ ನೋಡಿದ. ಅವರು ಚೀಲದ ಬಾಯಿ ಕಟ್ಟುತ್ತಿದ್ದರು. ಕಟ್ಟಿ ಆಗಿತ್ತು, ಆದರೂ ಕಟ್ಟುತ್ತಲೇ ಇದ್ದರು.

"ಫಸ್ಟ್ ಇಯರ್ ಸರ್," ಎಂದ ಅನಂತೇಶ.

"ನಂಬರ್ ಹೇಳು."

ಅನಂತೇಶ ಹೇಳತೊಡಗಿದ, ಒಂದೊಂದೇ ಅಂಕೆ. ನಡುವೆ ಬಸ್ಸಿನ ಹಾರ್ನ್ ಕೇಳಿ ಹಯಗ್ರೀವ ರಾವ್ ಅವರಿಗೆ ಅಂಕೆ ತಪ್ಪಿತು. ಅನಂತೇಶ ಅವರ ಹತ್ತಿರಕ್ಕೆ ಸರಿದು, ಮೊದಲಿನಿಂದ ಮತ್ತೊಮ್ಮೆ, ನಿಧಾನವಾಗಿ ಹೇಳಿದ.