ಗುಳಿಗೆಯಲ್ಲಿ ಗೋವಿನಜೋಳ

ಚಿಕ್ಕೇರೂರಿನಲ್ಲಿ ತಿಪ್ಪವ್ವನ ದನಿಯಿಲ್ಲದೆ ಮದುವೆ ಆದದ್ದಿಲ್ಲ. ಊರಿನ ಹೆಣ್ಣುಮಕ್ಕಳಿಗೆಲ್ಲ ಅರಿಷಿಣ ಹಚ್ಚುವಾಗ ಸೋಬಾನೆ ಹಾಡಿದವಳು ಅವಳೇ. ಹಾಡಿನಲ್ಲೇ ಬೀಗರನ್ನು ಗೋಳು ಹೊಯ್ದುಕೊಳ್ಳುವುದರಲ್ಲಂತೂ ಅವಳದು ಎತ್ತಿದ ಕೈ. ಈಗ ಸ್ವಂತ ಮಗಳು ರಂಜನಾಳ ಮುಹೂರ್ತಕ್ಕೆ ಎರಡು ತಿಂಗಳಿರುವಾಗ ಆ ದನಿಯೇ ಕೈಕೊಟ್ಟಿತ್ತು. ಬಾಯಿ ತೆರೆದರೆ ಗೊರಗೊರ. ಮೈಯೆಲ್ಲ ಭಾರ, ಹಗಲಿಡೀ ತೂಕಡಿಕೆ.

ಇದಕ್ಕೆಲ್ಲ ಮೂಲ, ಕೆಲವು ತಿಂಗಳ ಹಿಂದೆ ಗಂಡ ಕರಬಸಪ್ಪ ಪೇಟೆಯಿಂದ ಹೊತ್ತು ತಂದ ಸುದ್ದಿ. "ನಾವು ಬೆಳದ ಗೋವಿನಜೋಳದ ಹಿಟ್ಟನ್ನ ಗುಳಿಗಿಗೆ ಹಾಕ್ತಾರಂತ. ನಿನ್ನ ಥೈರಾಯ್ಡ್ ಗುಳಿಗ್ಯಾಗೂ ಅದ ಐತಂತ," ಎಂದು ಅವನು ಮೀಸೆ ತಿರುವಿದ್ದ. ತಿಪ್ಪವ್ವನಿಗೆ ಹೆಮ್ಮೆಯಾಗಲಿಲ್ಲ, ಸಿಟ್ಟು ಬಂತು. ಮನೆಯಲ್ಲಿ ಚೀಲಗಟ್ಟಲೆ ಬಿದ್ದಿರುವುದನ್ನು ದುಡ್ಡು ಕೊಟ್ಟು ನುಂಗಬೇಕೇ? ಅಂದೇ ಗುಳಿಗೆ ಬಿಟ್ಟಳು. ಬೆಳಗಾದರೆ ಗೋವಿನಜೋಳದ ರೊಟ್ಟಿ ತಟ್ಟಿ, ಔಷಧಿ ತೆಗೆದುಕೊಳ್ಳುವಷ್ಟೇ ನಿಷ್ಠೆಯಿಂದ ತಿನ್ನತೊಡಗಿದಳು.

ದನಿ ಹೋದ ಮೇಲೆ, ಚೀಪುವಂಥದ್ದೇನಾದರೂ ಸಿಕ್ಕೀತೆಂದು ಹಿರೇಕೆರೂರಿನ ಔಷಧದಂಗಡಿಗೆ ಹೋದಳು. ಅಂಗಡಿ ನಡೆಸುವ ಶಾಹೀನ ಹಳೆಯ ಪರಿಚಯದವಳು. ಆ ಒಡಕು ದನಿ ಕೇಳಿ ಗಾಬರಿಯಾದಳು.

"ಥೈರಾಯ್ಡ್ ಗುಳಿಗಿ ಒಯ್ಯಾಕ ಯಾಕ ಬಂದಿಲ್ರಿ ತಿಪ್ಪವ್ವಾರ?"

"ಯಾಕ ಬರ್ಲಿ? ನಮ್ಮ ಹೊಲದ ಹಿಟ್ಟು ನಮಗ ಮಾರ್ತೀರಿ."

ವಿಷಯ ತಿಳಿದು ಶಾಹೀನಳಿಗೆ ನಗು ತಡೆಯಲಾಗಲಿಲ್ಲ. "ಹಿಟ್ಟು ಇರೂದು ಖರೇರಿ. ಅದರಿಂದ ಏನೂ ಆಗೂದಿಲ್ಲ, ನೀವು ದಿನಾ ಉಣ್ಣೂದ ಅದು. ಆದ್ರ ಔಷಧ ಬ್ಯಾರೇನ ಐತಿ. ಅದು ಕೈಗೆ ಸಿಗಲಾರದಷ್ಟು ಕಡಿಮಿ. ಹಿಟ್ಟಿನ್ಯಾಗ ಕಲಸಿದ್ರನ ಎಲ್ಲಾ ಗುಳಿಗಿಗೂ ಸಮ ಬೀಳ್ತೈತಿ."

"ಎಳ್ಳು ಬಿತ್ತೂ ಮುಂದ ಉಸುಕು ಕಲಸ್ತೇವಲ್ಲ, ಹಂಗ," ಎಂದಳು ತಿಪ್ಪವ್ವ. ಬರೀ ಎಳ್ಳು ಬೆರಳ ಸಂದಿಯಿಂದ ಜಾರಿ ಒಂದೇ ಕಡೆ ಬೀಳುತ್ತದೆ; ಉಸುಕು ಬೆರೆಸಿದರೆ ಹೊಲದ ತುಂಬ ಹರಡುತ್ತದೆ. "ಹಂಗಾದ್ರ ಇಷ್ಟು ದಿನ ನಾ ಬರೇ ಉಸುಕು ಬಿತ್ತೇನಿ ನೋಡ ಯವ್ವಾ."

"ಅದ ಆಗೇತ್ರಿ. ಇವತ್ತ ಡಾಕ್ಟರಿಗೆ ತೋರಸ್ರಿ, ರಕ್ತ ಪರೀಕ್ಷಾ ಮಾಡಿಸಿ ಮತ್ತ ಚಾಲೂ ಮಾಡ್ರಿ."

ಡಾಕ್ಟರು ಬೈದರು, ಗುಳಿಗೆ ಮತ್ತೆ ಶುರುವಾಯಿತು. ಮೊದಲು ತೂಕಡಿಕೆ ಹೋಯಿತು, ಮೈ ಹಗುರಾಯಿತು. ದನಿ ಮಾತ್ರ ಮುನಿಸಿಕೊಂಡೇ ಕೂತಿತು. ಕರಬಸಪ್ಪ ಹೊಸ ಸುದ್ದಿಗೆ ಬಾಯಿ ತೆರೆದರೆ ಸಾಕು, "ಪೇಟಿ ಸುದ್ದಿ ಪೇಟ್ಯಾಗ ಬಿಟ್ಟು ಬರ್ರಿ," ಎಂದು ಅದೇ ಗೊಗ್ಗರು ದನಿಯಲ್ಲಿ ಗದರುತ್ತಿದ್ದಳು. ಮಗಳ ಮದುವೆಗೆ ಮೂಕಿಯಾಗಿ ನಿಲ್ಲಬೇಕಲ್ಲ ಎಂಬ ಸಂಕಟ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಗುಳಿಗೆ ನುಂಗುತ್ತ ಎರಡು ತಿಂಗಳು ಕಳೆದು ಅರಿಷಿಣದ ದಿನ ಬಂತು, ಹೆಂಗಸರೆಲ್ಲ ಸೇರಿದರು. ಪಕ್ಕದ ಮನೆಯ ಮಾಲಾ ಯಾವುದಕ್ಕೂ ಇರಲೆಂದು ಫೋನಿನಲ್ಲಿ ಹಾಡು ಹುಡುಕಿಟ್ಟುಕೊಂಡಿದ್ದಳು. ತಿಪ್ಪವ್ವ ಮಗಳ ಕೆನ್ನೆಗೆ ಅರಿಷಿಣ ಹಚ್ಚಿ, ಹೆದರುತ್ತಲೇ ಬಾಯಿ ತೆರೆದಳು. ಮೊದಲ ಸಾಲು ತುಸು ಒರಟಾಗಿ ಬಂತು. ಎರಡನೆಯದು ಅಂಗಳ ದಾಟಿ ಓಣಿಯವರೆಗೂ ಕೇಳಿಸಿತು. ಮಾಲಾ ಫೋನು ಕೆಳಗಿಟ್ಟು ತಾನೂ ದನಿಗೂಡಿಸಿದಳು.

ಅವ್ವನ ಹಾಡು ತನ್ನ ಪಾಲಿಗಿಲ್ಲ ಎಂದುಕೊಂಡಿದ್ದ ರಂಜನಾ ಬಿಕ್ಕಿ ಬಿಕ್ಕಿ ಅತ್ತಳು.

"ಅಳಬ್ಯಾಡ, ಅರಿಷಿಣ ತೊಳದ ಹೋಗ್ತೈತಿ," ಎಂದು ಎರಡು ಸಾಲುಗಳ ನಡುವೆ ಗದರಿದ ತಿಪ್ಪವ್ವ, ಸೆರಗಿನಿಂದ ತನ್ನ ಕಣ್ಣೊರೆಸಿಕೊಂಡು ಬೀಗರ ಮೂಗಿನ ಮೇಲೆ ಹಾಡು ಕಟ್ಟತೊಡಗಿದಳು.